ಹದಿನಾಲ್ಕು ಅಂಡಾಣು, ಎರಡೇ ಭ್ರೂಣ: ಹೈನುಗಾರರ ಪ್ರಶ್ನೆಗಳಿಗೆ ಉತ್ತರ

ರಾಸುಗಳ ಪ್ರನಾಳ ಗರ್ಭಧಾರಣೆಯ ಬಗ್ಗೆ, ಎಂದರೆ ದನದ ಅಂಡಾಣುವನ್ನು ಹೊರತೆಗೆದು ಪ್ರಯೋಗಾಲಯದಲ್ಲಿ ಭ್ರೂಣ ಬೆಳೆಸಿ ಇನ್ನೊಂದು ದನದ ಗರ್ಭಕ್ಕೆ ಸೇರಿಸುವ ಕೆಲಸದ ಬಗ್ಗೆ, ಹಿಂದಿನ ಸಂಚಿಕೆಯಲ್ಲಿ ಬರೆದಿದ್ದೆ. ಅದನ್ನು ಓದಿ ಮಂಗಳೂರು ಮತ್ತು ಉಡುಪಿಯ ಕಡೆಯಿಂದ ಬಂದ ಪತ್ರಗಳಲ್ಲಿ ಆರನ್ನು ಆಯ್ದು ಇಲ್ಲಿ ಉತ್ತರಿಸಿದ್ದೇನೆ. ಎರಡು ಉತ್ತರಗಳು ಉದ್ದವಾಗಿವೆ; ಆ ಪ್ರಶ್ನೆಗಳು ಅಷ್ಟು ಜಾಗ ಬೇಡುವಂಥವು.

ಪ್ರಶ್ನೆ: ನನ್ನ ಹಟ್ಟಿಯಲ್ಲಿ ದಿನಕ್ಕೆ 22 ಲೀಟರ್ ಹಾಲು ಕೊಡುವ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿಯ ದನವಿದೆ. ಮೇ ತಿಂಗಳ ಕೊನೆಯಲ್ಲಿ, ಅದು ಕರು ಹಾಕಿ 50 ದಿನವಾಗಿದ್ದಾಗ, ಒಂದು ಶಿಬಿರದಲ್ಲಿ ಅದರಿಂದ 14 ಅಂಡಾಣು ತೆಗೆದರು. ವಾರ ಕಳೆದ ಮೇಲೆ ಫೋನ್ ಮಾಡಿ, ಎರಡೇ ಭ್ರೂಣ ಆಯಿತು ಎಂದರು. ಉಳಿದ ಹನ್ನೆರಡು ಎಲ್ಲಿ ಹೋದವು? ಸೊಸೈಟಿಯಲ್ಲಿ ಹಾಲು ಅಳೆಯುವಾಗ ಜನ ಏನೇನೋ ಹೇಳುತ್ತಾರೆ. — ಬೆಳ್ತಂಗಡಿ ತಾಲೂಕಿನ ಒಬ್ಬ ಹೈನುಗಾರರು

ಉತ್ತರ: ಸೊಸೈಟಿಯ ಮಾತನ್ನು ಅಲ್ಲಿಯೇ ಬಿಟ್ಟು ಬನ್ನಿ. ನೀವು ಹೇಳಿದ ಲೆಕ್ಕದಲ್ಲಿ ಮೋಸ ಇರಬೇಕೆಂದೇನೂ ಇಲ್ಲ. ಆದರೆ ಫಲಿತಾಂಶ ಇನ್ನಷ್ಟು ಚೆನ್ನಾಗಿ ಬರಬಹುದಿತ್ತು, ಮತ್ತು ಹಾಗೆ ಬಾರದಿರುವುದಕ್ಕೆ ಬಲವಾದ ಎರಡು ಕಾರಣಗಳು ನಿಮ್ಮ ಪತ್ರದಲ್ಲಿಯೇ ಇವೆ.

ಸೂಜಿಯಿಂದ ಹೊರಬಂದ ಅಂಡಾಣು ಇನ್ನೂ ಬಲಿಯದ ಕಾಯಿಯಂತೆ. ಅದನ್ನು ದನದ ಮೈಶಾಖಕ್ಕೆ ಸಮನಾದ 38.5 ಡಿಗ್ರಿಯಲ್ಲಿ, ಶೇಕಡಾ 5ರಷ್ಟು ಇಂಗಾಲದ ಡೈಆಕ್ಸೈಡ್ ಬೆರೆತ ತೇವದ ಗಾಳಿಯಲ್ಲಿ, 22ರಿಂದ 24 ಗಂಟೆ ಇಟ್ಟು ಮಾಗಿಸಬೇಕು. ಮಾಗಿದ ಮೇಲೆ ಸುಮಾರು 18 ಗಂಟೆ ವೀರ್ಯಾಣುಗಳ ಜೊತೆ ಬಿಡಬೇಕು. ಅಲ್ಲಿಂದ ಮುಂದೆ ಏಳನೆಯ ದಿನದವರೆಗೆ ಅದು ಎರಡಾಗಿ, ನಾಲ್ಕಾಗಿ, ಎಂಟಾಗಿ ಒಡೆಯುತ್ತಾ ಹೋಗಿ, ಒಳಗೆ ನೀರು ತುಂಬಿದ ಪುಟ್ಟ ಚೆಂಡಿನಂಥ ಬ್ಲಾಸ್ಟೊಸಿಸ್ಟ್ ಆದಾಗ ಮಾತ್ರ ಅದನ್ನು ಗರ್ಭಕ್ಕೆ ಸೇರಿಸಬಹುದಾದ ಭ್ರೂಣ ಎಂದು ಎಣಿಸುತ್ತಾರೆ. ಒಳ್ಳೆಯ ಪ್ರಯೋಗಾಲಯದಲ್ಲಿಯೂ ಹತ್ತು ಅಂಡಾಣುಗಳಲ್ಲಿ ಎಂಟು ಮಾಗುತ್ತವೆ, ಆರೇಳು ಒಡೆಯಲು ಶುರುಮಾಡುತ್ತವೆ, ಏಳನೆಯ ದಿನ ಮುಟ್ಟುವುದು ಮೂರು ಮಾತ್ರ. ಆ ಲೆಕ್ಕದಲ್ಲಿ ನಿಮ್ಮ 14ಕ್ಕೆ ನಾಲ್ಕು ಭ್ರೂಣ ಸಿಕ್ಕಿದ್ದರೆ ಚೆನ್ನಾಗಿತ್ತು, ಸಿಕ್ಕಿದ್ದು ಎರಡು.

ಹೆಚ್ಚಿನವು ನಿಲ್ಲುವುದು ಎಂಟರಿಂದ ಹದಿನಾರು ಕೋಶಗಳಾಗುವ ಹೊತ್ತಿನಲ್ಲಿ. ದನದ ಭ್ರೂಣದ ಸ್ವಂತ ವಂಶವಾಹಿಗಳು ಸರಿಯಾಗಿ ಕೆಲಸಕ್ಕೆ ತೊಡಗುವುದೇ ಆಗ. ಅಲ್ಲಿಯವರೆಗೆ ಭ್ರೂಣ ನಡೆಯುವುದು ಅಂಡಾಣು ತಾಯಿಯ ಅಂಡಾಶಯದಲ್ಲಿದ್ದಾಗ ಕಟ್ಟಿಕೊಂಡ ಬುತ್ತಿಯಿಂದ. ಬುತ್ತಿ ಸಣ್ಣದಿದ್ದರೆ ಪ್ರಯೋಗಾಲಯದವರು ಎಷ್ಟು ಉಪಚಾರ ಮಾಡಿದರೂ ಪ್ರಯಾಣ ನಡುದಾರಿಯಲ್ಲಿ ನಿಲ್ಲುತ್ತದೆ. ಈ ಕ್ಷೇತ್ರದಲ್ಲಿ ನಾನು ಕಂಡುಕೊಂಡ ಒಂದು ಮಾತಿದ್ದರೆ ಅದು ಇದೇ: ಎಷ್ಟು ಭ್ರೂಣ ಆಗಬಹುದು ಎನ್ನುವುದು ಬಹುಮಟ್ಟಿಗೆ ಹಟ್ಟಿಯಲ್ಲಿ ತೀರ್ಮಾನವಾಗಿರುತ್ತದೆ, ಆದ ಭ್ರೂಣ ಎಷ್ಟು ಗಟ್ಟಿ, ಘನೀಕರಿಸಿದರೆ ಬದುಕೀತೇ, ಗರ್ಭ ಕಟ್ಟೀತೇ ಎನ್ನುವುದರಲ್ಲಿ ಪ್ರಯೋಗಾಲಯದ ಕೈ ದೊಡ್ಡದು.

ಇನ್ನು ನಿಮ್ಮ ದನದ ಬುತ್ತಿ ಏಕೆ ಸಣ್ಣದಾಯಿತು ಎಂಬುದನ್ನು ನೋಡೋಣ. ಕರು ಹಾಕಿದ 50ನೆಯ ದಿನ ಎಂದರೆ ಹಾಲು ಏರುಗತಿಯಲ್ಲಿರುವ ಕಾಲ. 22 ಲೀಟರಿಗೆ ಬೇಕಾದ ಶಕ್ತಿಯನ್ನು ಹಿಂಡಿ, ಬೈಹುಲ್ಲು ಮತ್ತು ಹಸಿಹುಲ್ಲಿನಿಂದ ದನ ಪೂರ್ತಿಯಾಗಿ ಪಡೆಯಲಾರದು. ಕೊರತೆಯನ್ನು ಮೈಕೊಬ್ಬು ಕರಗಿಸಿ ತುಂಬಿಸಿಕೊಳ್ಳುತ್ತದೆ. ಹಾಗೆ ಕರಗಿದ ಕೊಬ್ಬಿನಾಮ್ಲಗಳು ರಕ್ತದಲ್ಲಿ ಏರುತ್ತವೆ, ಅಂಡಾಣು ಕುಳಿತಿರುವ ಫಾಲಿಕಲ್ ಎಂಬ ನೀರಗುಳ್ಳೆಯ ದ್ರವಕ್ಕೂ ಇಳಿಯುತ್ತವೆ. ಪಾಲ್ಮಿಟಿಕ್, ಸ್ಟಿಯರಿಕ್ ಆಮ್ಲಗಳು ಅಲ್ಲಿ ಹೆಚ್ಚಾದರೆ ಅಂಡಾಣುವಿಗೆ ಒಳ್ಳೆಯದಲ್ಲ. ಆ ದಿನಗಳಲ್ಲಿ ದನದ ಬೆನ್ನು ಮುಟ್ಟಿ ನೋಡಿದ್ದರೆ ಪಕ್ಕೆಲುಬುಗಳು ನಿಮ್ಮ ಕೈಗೇ ಸಿಗುತ್ತಿದ್ದವು.

ಎರಡನೆಯದು ಮೇ ತಿಂಗಳು. ನಮ್ಮ ಕರಾವಳಿಯಲ್ಲಿ 40 ಡಿಗ್ರಿ ಬಿಸಿಲು ಇಲ್ಲವಲ್ಲ ಎಂದು ಸಮಾಧಾನ ಪಡುವವರಿದ್ದಾರೆ. ದನಕ್ಕೆ ಕಾಣುವ ಸೆಕೆ ಥರ್ಮಾಮೀಟರಿನಲ್ಲಿ ಪೂರ್ತಿ ಕಾಣುವುದಿಲ್ಲ. ಉಷ್ಣತೆ ಮತ್ತು ಗಾಳಿಯ ತೇವವನ್ನು ಸೇರಿಸಿ ಲೆಕ್ಕ ಹಾಕುವ ಒಂದು ಸೂಚ್ಯಂಕವಿದೆ, ಅದು 72 ದಾಟಿದರೆ ಹಾಲಿನ ದನಕ್ಕೆ ತೊಂದರೆ ಶುರು ಎಂದು ಸಾಮಾನ್ಯವಾಗಿ ಒಪ್ಪಿದ್ದಾರೆ. ಮಂಗಳೂರಿನ ಒಂದು ಸಾಧಾರಣ ಮೇ ಮಧ್ಯಾಹ್ನ, 32 ಡಿಗ್ರಿ ಉಷ್ಣತೆ ಮತ್ತು ಶೇಕಡಾ 75 ತೇವ ಇಟ್ಟು ಲೆಕ್ಕ ಹಾಕಿದರೆ ಸೂಚ್ಯಂಕ 85 ಬರುತ್ತದೆ. ಎಚ್‌ಎಫ್ ರಕ್ತ ಹೆಚ್ಚಿದ್ದಷ್ಟೂ ಈ ಸೆಕೆ ತಡೆಯುವುದು ಕಷ್ಟ. ಅದಕ್ಕಿಂತ ಕೆಟ್ಟ ಸಂಗತಿಯೆಂದರೆ, ಫಾಲಿಕಲ್ ಬೆಳೆಯುವುದಕ್ಕೆ ವಾರಗಳು, ತಿಂಗಳುಗಳು ಬೇಕಾಗುವುದರಿಂದ ಬೇಸಗೆಯಲ್ಲಿ ಬಿಸಿ ತಾಗಿದ ಅಂಡಾಣು ಮಳೆಗಾಲದಲ್ಲಿ ಹೊರಬರುತ್ತದೆ. ಜೂನ್ ಮಳೆ ಹಿಡಿಯಿತು, ತಂಪಾಯಿತು ಎಂದು ಅಂಡಾಣು ತೆಗೆಸಿದವರಿಗೂ ಜುಲೈಯಲ್ಲಿ ನಿರಾಸೆ ಆಗುವುದು ಇದರಿಂದ.

ಆದ್ದರಿಂದ ಮುಂದಿನ ಸಲ ಕರು ಹಾಕಿ ನೂರು ದಿನ ಕಳೆದು, ದನ ಮತ್ತೆ ಮೈಕೈ ತುಂಬಿಕೊಳ್ಳತೊಡಗಿದ ಮೇಲೆ, ನವೆಂಬರಿನಿಂದ ಫೆಬ್ರವರಿಯ ನಡುವೆ ಮಾಡಿಸಿ. ಅಂಡಾಣು ತೆಗೆಯುವ ಮೊದಲು ಫಾಲಿಕಲ್‌ಗಳನ್ನು ಬೆಳೆಸುವ ಎಫ್‌ಎಸ್‌ಎಚ್ ಹಾರ್ಮೋನಿನ ಇಂಜೆಕ್ಷನ್‌ಗಳನ್ನು ಕೊಟ್ಟು, ಕೊನೆಯ ಇಂಜೆಕ್ಷನ್ ಆದ ಮೇಲೆ ಒಂದೂವರೆ ದಿನದಷ್ಟು ಬಿಡುವು ಬಿಟ್ಟರೆ ಮಿಶ್ರತಳಿ ದನಗಳಲ್ಲಿ ಅಂಡಾಣುವಿನ ಗುಣ ಉತ್ತಮವಾಗುತ್ತದೆ. ಶಿಬಿರದಲ್ಲಿ ಸಾಲಾಗಿ ದನ ನಿಲ್ಲಿಸಿ ಒಂದೇ ದಿನ ಮುಗಿಸುವಾಗ ಇದಕ್ಕೆ ಸಮಯ ಇರುವುದಿಲ್ಲ. ಒಂದು ಕಾಗದವನ್ನೂ ಕೇಳಿ ಪಡೆಯಿರಿ. ಎಷ್ಟು ಅಂಡಾಣು, ಅವುಗಳಲ್ಲಿ ಸುತ್ತ ಮೂರು ಪದರಕ್ಕಿಂತ ಹೆಚ್ಚು ಕೋಶಗಳ ಹೊದಿಕೆಯಿದ್ದವು ಎಷ್ಟು, ಮೂರನೆಯ ದಿನ ಒಡೆದಿದ್ದವು ಎಷ್ಟು, ಏಳನೆಯ ದಿನ ಎಷ್ಟು, ಯಾವ ಹೋರಿಯ ವೀರ್ಯ ಎಂದು ಅದರಲ್ಲಿರಲಿ. ಒಡೆದಿರುವುದೇ ಕಡಿಮೆ ಎಂದಾದರೆ ಹೋರಿಯ ವೀರ್ಯದ ಕಡೆಗೂ ಮಾಗಿಸಿದ ಕ್ರಮದ ಕಡೆಗೂ ನೋಡಬೇಕು; ಒಡೆದು ನಡುವೆ ನಿಂತಿದ್ದರೆ ಮೊದಲು ಬುತ್ತಿಯನ್ನು ಸಂಶಯಿಸಬೇಕು. ಈ ಕಾಗದ ಕೊಡಲು ಹಿಂದೆಮುಂದೆ ನೋಡುವವರಲ್ಲಿಗೆ ಎರಡನೆಯ ಸಲ ಹೋಗಬೇಕೇ ಎಂದು ನೀವೇ ಯೋಚಿಸಿ.

ಪ್ರಶ್ನೆ: ನಾನು ಪ್ರಾಣಿ ಜೈವಿಕ ತಂತ್ರಜ್ಞಾನದ ಸ್ನಾತಕೋತ್ತರ ವಿದ್ಯಾರ್ಥಿನಿ. ನಮ್ಮ ಕೈಯಲ್ಲಿ ಬ್ಲಾಸ್ಟೊಸಿಸ್ಟ್ ಪ್ರಮಾಣ ಶೇಕಡಾ 15 ದಾಟುತ್ತಿಲ್ಲ. ಭ್ರೂಣ ಬೆಳೆಸುವ ದ್ರಾವಣಕ್ಕೆ ಮೆಲಟೋನಿನ್ ಸೇರಿಸಬೇಕೇ, ಸಿಸ್ಟಿಯಾಮೈನ್ ಸೇರಿಸಬೇಕೇ, ಇನ್ಸುಲಿನ್‌ನಂಥ ಬೆಳವಣಿಗೆಯ ಅಂಶಗಳನ್ನು ಸೇರಿಸಬೇಕೇ? ಪ್ರತಿಯೊಂದು ಪ್ರಬಂಧವೂ ಒಂದೊಂದನ್ನು ಹೊಗಳುತ್ತದೆ. — ಮಂಗಳೂರು

ಉತ್ತರ: ಸದ್ಯಕ್ಕೆ ಯಾವುದನ್ನೂ ಸೇರಿಸಬೇಡಿ. ಶೇಕಡಾ 15ರಲ್ಲಿ ನಿಂತ ಪ್ರಯೋಗಾಲಯದಲ್ಲಿ ಏನೋ ಒಂದು ತಪ್ಪುತ್ತಿರುತ್ತದೆ. ಅದನ್ನು ಬಿಟ್ಟು ಮೇಲಿಂದ ಔಷಧಿ ಸುರಿದರೆ ಸೋರುವ ಕೊಡಕ್ಕೆ ನೀರು ಹೊತ್ತಂತೆ. ಮೆಲಟೋನಿನ್, ಸಿಸ್ಟಿಯಾಮೈನ್ ಮೊದಲಾದವು ಉತ್ಕರ್ಷಣದ, ಎಂದರೆ ಆಮ್ಲಜನಕದಿಂದ ಕೋಶಗಳಿಗೆ ಆಗುವ, ಹಾನಿಯನ್ನು ತಗ್ಗಿಸುತ್ತವೆ ಎಂಬುದು ನಿಜ. ಆದರೆ ಅವುಗಳಿಂದ ಬರುವ ಲಾಭ ಕೆಲವು ಅಂಕಗಳದ್ದು, ಅದೂ ಉಳಿದದ್ದೆಲ್ಲ ಸರಿಯಿದ್ದಾಗ. ಉತ್ಕರ್ಷಣವೇ ಚಿಂತೆಯಾದರೆ ಮೊದಲು ಮೂಲವನ್ನು ನೋಡಿ: ನಿಮ್ಮ ಇನ್‌ಕ್ಯುಬೇಟರಿನಲ್ಲಿ ಆಮ್ಲಜನಕ ಎಷ್ಟು? ಹೊರಗಿನ ಗಾಳಿಯಲ್ಲಿ ಅದು ಶೇಕಡಾ 20ಕ್ಕೂ ಹೆಚ್ಚು, ದನದ ಅಂಡನಾಳದಲ್ಲಿ ಅದಕ್ಕಿಂತ ಬಹಳ ಕಡಿಮೆ. ಮಾಗಿಸುವ ಹಂತದಲ್ಲಿ ಸಾಮಾನ್ಯ ಗಾಳಿಯಷ್ಟು ಆಮ್ಲಜನಕ ನಡೆಯುತ್ತದೆ. ಭ್ರೂಣ ಬೆಳೆಸುವ ಏಳು ದಿನ ಶೇಕಡಾ 5 ಆಮ್ಲಜನಕ, 5 ಇಂಗಾಲದ ಡೈಆಕ್ಸೈಡ್, 90 ಸಾರಜನಕ ಕೊಡಿ. ಸಾರಜನಕದ ಸಿಲಿಂಡರಿಗೆ ದುಡ್ಡಿಲ್ಲ ಎಂದು ಮೆಲಟೋನಿನ್ ಕೊಳ್ಳುವುದು ನನಗೆ ಅರ್ಥವಾಗದ ಲೆಕ್ಕ.

ಆಮೇಲೆ ಶಾಖ. ಇನ್‌ಕ್ಯುಬೇಟರಿನ ಮುಖದಲ್ಲಿ 38.5 ಎಂದು ಮೂಡಿದ್ದನ್ನು ನಂಬಬೇಡಿ. ದ್ರಾವಣದ ಹನಿಯ ಒಳಗಿನ ಶಾಖವನ್ನು ಬೇರೆ ಥರ್ಮಾಮೀಟರಿನಿಂದ ಅಳೆಯಿರಿ. ತಟ್ಟೆಯನ್ನು ಹೊರತೆಗೆದು ಸೂಕ್ಷ್ಮದರ್ಶಕದ ಕೆಳಗೆ ಇಟ್ಟಾಗ ಏನಾಗುತ್ತದೆ ಎಂಬುದನ್ನು ಅದಕ್ಕಿಂತ ಜಾಗ್ರತೆಯಿಂದ ನೋಡಿ. ಮಂಗಳೂರಿನ ಸೆಕೆಗೆ ಏಸಿಯನ್ನು 22ಕ್ಕೆ ಇಟ್ಟುಕೊಂಡು ಕುಳಿತಿರುತ್ತೀರಿ, ವೇದಿಕೆ ಬಿಸಿ ಇಲ್ಲದಿದ್ದರೆ ನಾಲ್ಕೈದು ನಿಮಿಷದಲ್ಲಿ ತಟ್ಟೆ ತಣ್ಣಗಾಗುತ್ತದೆ, ಮಾಗಿದ ಅಂಡಾಣುವಿನೊಳಗೆ ವರ್ಣತಂತುಗಳನ್ನು ಹಿಡಿದು ನಿಲ್ಲಿಸಿರುವ ನವಿರಾದ ನೂಲುಗಳು ಕುಸಿಯುತ್ತವೆ. ಮತ್ತೆ ಬಿಸಿ ಮಾಡಿದರೆ ಅವೆಲ್ಲ ಹಿಂದಿನಂತೆಯೇ ಕಟ್ಟಿಕೊಳ್ಳುತ್ತವೆ ಎಂಬ ಭರವಸೆ ಇಲ್ಲ. ಅದೇ ಏಸಿಯ ಒಣಗಾಳಿ ಇನ್ನೊಂದು ಕೆಲಸವನ್ನೂ ಮಾಡುತ್ತದೆ: 50 ಮೈಕ್ರೊಲೀಟರಿನ ಹನಿಗಳನ್ನು ಸಾಲಾಗಿ ಇಡುತ್ತಾ ಹೋದಂತೆ ಮೊದಲ ಹನಿ ಆರತೊಡಗಿ, ಅದರ ಲವಣದ ಸಾಂದ್ರತೆ ಏರಿರುತ್ತದೆ. ಎಲ್ಲ ಹನಿಗಳನ್ನು ಇಟ್ಟು ಮುಗಿಸಿ ಎಣ್ಣೆ ಸುರಿಯುವ ಅಭ್ಯಾಸವಿದ್ದರೆ ಬಿಡಿ; ಮೂರು ನಾಲ್ಕು ಹನಿ ಇಡುತ್ತಲೇ ಎಣ್ಣೆ ಮುಚ್ಚಿ. ದ್ರಾವಣದ ಆಸ್ಮೊಲಾಲಿಟಿ, ಎಂದರೆ ಅದರಲ್ಲಿ ಕರಗಿದ ಲವಣಾದಿಗಳ ಒಟ್ಟು ಸಾಂದ್ರತೆ, 270ರಿಂದ 280 ಮಿಲಿಆಸ್ಮೋಲಿನ ಆಸುಪಾಸಿನಲ್ಲಿರಲಿ, ಆಮ್ಲ-ಕ್ಷಾರದ ಮಟ್ಟ 7.2ರಿಂದ 7.4ರ ನಡುವೆ ಇರಲಿ. ಇದನ್ನು ಅನಿಲದಲ್ಲಿ ಕೆಲವು ಗಂಟೆ ಇಟ್ಟು ಸಮತೋಲಕ್ಕೆ ಬಂದ ಮೇಲೆಯೇ ಅಳೆಯಬೇಕು, ಬಾಟಲಿಯಿಂದ ತೆಗೆದ ಕೂಡಲೇ ಅಳೆದು ಪುಸ್ತಕದಲ್ಲಿ ಬರೆದಿಟ್ಟರೆ ಅದು ಬರೀ ಶಾಸ್ತ್ರ.

ಗಾಳಿಯ ವಿಷಯದಲ್ಲಿ ನನ್ನದೇ ಒಂದು ಅನುಭವ ಹೇಳುತ್ತೇನೆ. ಒಂದು ಮಳೆಗಾಲದಲ್ಲಿ ನಮ್ಮ ಪ್ರಯೋಗಾಲಯದ ಭ್ರೂಣಗಳು ಮೂರು ವಾರ ಎಂಟು ಕೋಶ ದಾಟಲಿಲ್ಲ. ವೀರ್ಯ ಬದಲಿಸಿದೆವು, ದ್ರಾವಣಕ್ಕೆ ಸೇರಿಸುವ ಸೀರಮ್ (ರಕ್ತದ ತಿಳಿ) ಬದಲಿಸಿದೆವು, ಹೊಸ ಎಣ್ಣೆ ತರಿಸಿದೆವು, ಕೊನೆಗೆ ಒಬ್ಬರ ಮೇಲೊಬ್ಬರು ತಪ್ಪು ಹೊರಿಸುವ ಹಂತಕ್ಕೂ ಬಂದೆವು. ಗೋಡೆಗೆ ಬೂಷ್ಟು ಹಿಡಿದಿದೆಯೆಂದು ಪಕ್ಕದ ಕೋಣೆಗೆ ಎಣ್ಣೆಬಣ್ಣ ಬಳಿಸಿದ್ದರು, ಎರಡೂ ಕೋಣೆಗೆ ಗಾಳಿಯ ಕೊಳವೆ ಒಂದೇ ಆಗಿತ್ತು. ಬಣ್ಣದ ವಾಸನೆ ನಮ್ಮ ಮೂಗಿಗೆ ಎರಡೇ ದಿನದಲ್ಲಿ ಹೋಗಿತ್ತು. ಭ್ರೂಣಗಳಿಗೆ ಮೂಗಿಲ್ಲ, ಆದರೆ ಆವಿ ಎಣ್ಣೆಯಲ್ಲಿ ಕರಗಿ ಹನಿಗೆ ಇಳಿಯುತ್ತದೆ. ಗಾಳಿ ಶುದ್ಧಿ ಮಾಡುವ ಇದ್ದಿಲಿನ ಸೋಸಣಿ ಹಾಕಿಸಿದ ಮೇಲೆ ಎಲ್ಲ ಸರಿಹೋಯಿತು. ಅಂದಿನಿಂದ ನಮ್ಮಲ್ಲಿ ಬಣ್ಣ, ಫಿನಾಯಿಲು, ಸೆಂಟು ಎಲ್ಲಕ್ಕೂ ಬಾಗಿಲಲ್ಲಿಯೇ ತಡೆ. ಶಂಕರಪುರದ ಮಲ್ಲಿಗೆ ಮುಡಿದು ಬಂದ ಸಹೋದ್ಯೋಗಿಯೊಬ್ಬರಿಗೆ ಅದನ್ನು ಹೊರಗೆ ತೆಗೆದಿಟ್ಟು ಬನ್ನಿ ಎಂದು ಹೇಳಬೇಕಾಗಿ ಬಂದಾಗ ನನಗೇ ನಾಚಿಕೆಯಾಗಿತ್ತು, ಆದರೂ ಹೇಳಿದೆ.

ಇದೆಲ್ಲ ಸರಿಯಿದೆಯೆಂದಾದರೆ ಹೋರಿಯ ಕಡೆ ನೋಡಿ. ಹಳ್ಳಿಯಲ್ಲಿ ಕೃತಕ ಗರ್ಭಧಾರಣೆಗೆ ಬಹಳ ಒಳ್ಳೆಯದೆನಿಸಿದ ಹೋರಿಯ ವೀರ್ಯ ತಟ್ಟೆಯಲ್ಲಿ ಹುಸಿಯಾಗುವುದು ಅಪರೂಪವೇನಲ್ಲ. ಪ್ರತಿಯೊಂದು ಹೋರಿಗೂ ವೀರ್ಯಾಣುವಿನ ಸಾಂದ್ರತೆಯನ್ನು, ಮಿಲಿಲೀಟರಿಗೆ ಹತ್ತರಿಂದ ಇಪ್ಪತ್ತು ಲಕ್ಷದ ನಡುವೆ, ಮತ್ತು ವೀರ್ಯಾಣುವನ್ನು ಫಲಿಸಲು ಸಜ್ಜುಗೊಳಿಸುವ ಹೆಪಾರಿನ್ ಪ್ರಮಾಣವನ್ನು ಬೇರೆಬೇರೆಯಾಗಿ ಪರೀಕ್ಷಿಸಿ ನಿಶ್ಚಯಿಸಬೇಕು. ಕಡಿಮೆಯಾದರೆ ಫಲಿಸುವುದಿಲ್ಲ, ಹೆಚ್ಚಾದರೆ ಒಂದೇ ಅಂಡಾಣುವಿಗೆ ಎರಡು ಮೂರು ವೀರ್ಯಾಣು ಹೊಕ್ಕು ಕೆಡುತ್ತದೆ. ಭ್ರೂಣಗಳನ್ನು ಒಂಟಿಯಾಗಿ ಬೆಳೆಸಬೇಡಿ. ಒಂದು ಹನಿಯಲ್ಲಿ ಹತ್ತು ಇಪ್ಪತ್ತು ಒಟ್ಟಿಗಿದ್ದರೆ ಅವು ಸ್ರವಿಸುವ ಅಂಶಗಳಿಂದ ಪರಸ್ಪರ ಉಪಕಾರವಾಗುತ್ತದೆ. ಕರುವಿನ ಸೀರಮ್ ಸುರಿದರೆ ಐದನೆಯ ದಿನದ ನಂತರ ಬ್ಲಾಸ್ಟೊಸಿಸ್ಟ್ ಬೇಗ ಕಾಣುತ್ತದೆ, ಸಂಖ್ಯೆ ನೋಡಿ ಖುಷಿಯೂ ಆಗುತ್ತದೆ. ಆದರೆ ಅಂಥ ಭ್ರೂಣದ ಕೋಶಗಳಲ್ಲಿ ಕೊಬ್ಬಿನ ಹನಿಗಳು ತುಂಬಿ ಅವು ಕಪ್ಪಾಗಿರುತ್ತವೆ, ಘನೀಕರಣ ತಡೆಯುವುದಿಲ್ಲ, ಕೆಲವೊಮ್ಮೆ ಕರು ಅಸಹಜವಾಗಿ ದೊಡ್ಡದಾಗಿ ಹೆರಿಗೆಗೆ ತೊಂದರೆ ಕೊಡುತ್ತದೆ. ಅಂಡನಾಳದ ದ್ರವವನ್ನು ಅನುಕರಿಸಿ ಮಾಡಿದ ದ್ರಾವಣಕ್ಕೆ ಆಲ್ಬ್ಯುಮಿನ್ ಸೇರಿಸಿ, ಸೀರಮ್ಮನ್ನು ಆದಷ್ಟು ಕಡಿಮೆ ಮಾಡಿ. ವಿದೇಶದ ಸಿದ್ಧ ದ್ರಾವಣ ದುಬಾರಿಯೆಂಬ ಕೊರಗಿದ್ದರೆ, ಈಚಿನ ವರ್ಷಗಳಲ್ಲಿ ನಮ್ಮ ದೇಶದಲ್ಲಿಯೇ ತಯಾರಾದ ಪ್ರನಾಳ ದ್ರಾವಣವೂ ಬಂದಿದೆ, ಹೋಲಿಸಿ ನೋಡಬಹುದು.

ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಪ್ರತಿ ತಟ್ಟೆಯ ಲೆಕ್ಕ ಬರೆದಿಡಿ. 1981ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಜಗತ್ತಿನ ಮೊದಲ ಪ್ರನಾಳ ಕರು ವರ್ಜಿಲ್ ಹುಟ್ಟಿದಾಗಲೂ, 1990ರಲ್ಲಿ ಕರ್ನಾಲದ ರಾಷ್ಟ್ರೀಯ ಡೇರಿ ಸಂಶೋಧನಾ ಸಂಸ್ಥೆಯಲ್ಲಿ ಪ್ರಥಮ್ ಎಂಬ ಎಮ್ಮೆಗರು ಹುಟ್ಟಿದಾಗಲೂ ನೀವು ಕೇಳಿದ ಔಷಧಿಗಳ ಉದ್ದ ಪಟ್ಟಿ ಯಾರ ಮುಂದೆಯೂ ಇರಲಿಲ್ಲ.

ಪ್ರಶ್ನೆ: ಏಪ್ರಿಲ್-ಮೇಯಲ್ಲಿ ಎಷ್ಟು ಸಲ ಕೃತಕ ಗರ್ಭಧಾರಣೆಯ ಇಂಜೆಕ್ಷನ್ ಕೊಡಿಸಿದರೂ ನಮ್ಮ ಜೆರ್ಸಿ ದನ ಗಬ್ಬ ನಿಲ್ಲುವುದಿಲ್ಲ, 21 ದಿನಕ್ಕೆ ಮತ್ತೆ ಬೆದೆಗೆ ಬರುತ್ತದೆ. ಭ್ರೂಣ ಹಾಕಿಸಿದರೆ ನಿಲ್ಲಬಹುದೇ? — ಕಾರ್ಕಳದ ಒಬ್ಬ ಗೃಹಿಣಿ

ಉತ್ತರ: ನಿಲ್ಲುವ ಸಾಧ್ಯತೆ ಇದೆ ಅಮ್ಮಾ, ಅದಕ್ಕೆ ಕಾರಣವೂ ಸ್ವಾರಸ್ಯವಾಗಿದೆ. ಸೆಕೆಯಿಂದ ಭ್ರೂಣ ಸಾಯುವುದು ಮುಖ್ಯವಾಗಿ ಮೊದಲ ಎರಡು ಮೂರು ದಿನಗಳಲ್ಲಿ, ಅದು ಇನ್ನೂ ಎರಡು ನಾಲ್ಕು ಕೋಶಗಳಿರುವಾಗ. ಏಳನೆಯ ದಿನಕ್ಕೆ ಭ್ರೂಣ ಬಿಸಿಯನ್ನು ತಡೆದುಕೊಳ್ಳುವ ಶಕ್ತಿ ಪಡೆದಿರುತ್ತದೆ. ಪ್ರಯೋಗಾಲಯದಲ್ಲಿ ಬೆಳೆದ ಭ್ರೂಣವನ್ನು ಸೇರಿಸುವುದು ಏಳನೆಯ ದಿನವೇ ಆದ್ದರಿಂದ ಅಪಾಯದ ಆ ಮೊದಲ ದಿನಗಳನ್ನು ಅದು ನಿಮ್ಮ ದನದ ಬಿಸಿ ಮೈಯೊಳಗೆ ಕಳೆಯಬೇಕಾಗುವುದಿಲ್ಲ.

ಆದರೆ ಇದು ಎಲ್ಲ ಬರಡಿಗೂ ಮದ್ದಲ್ಲ. ಗರ್ಭಕೋಶದಲ್ಲಿ ಕೀವು, ಸೋಂಕು ಇದ್ದರೆ ಎಷ್ಟು ಒಳ್ಳೆಯ ಭ್ರೂಣ ಹಾಕಿದರೂ ವ್ಯರ್ಥ. ಬೆದೆಯ ಲೋಳೆ ಕನ್ನಡಿಯಂತೆ ತಿಳಿಯಾಗಿದೆಯೋ ಮಸುಕಾಗಿದೆಯೋ ಎಂದು ನೋಡಿ ಡಾಕ್ಟರಿಗೆ ಹೇಳಿ. ಬೇಸಗೆಯಲ್ಲಿ ಬೆದೆ ಸಣ್ಣದಾಗಿ, ಹೆಚ್ಚಾಗಿ ರಾತ್ರಿ ಹೊತ್ತು ಕಾಣಿಸಿಕೊಳ್ಳುವುದರಿಂದ ಇಂಜೆಕ್ಷನ್ ಹೊತ್ತು ತಪ್ಪಿರುವುದೂ ಇದೆ. ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಎಂಬ ಹಳೆಯ ಕ್ರಮ ಈಗಲೂ ಸರಿ. ಹಟ್ಟಿಯ ಮಾಡಿಗೆ ತಗಡಿದ್ದರೆ ಮೇಲೆ ಅಡಿಕೆ ಸೋಗೆ ಹೊದೆಸಿ. ಒಂದು ಎಚ್ಚರಿಕೆ: ಬಯಲುಸೀಮೆಯ ವಿಡಿಯೊ ನೋಡಿ ಮಂಜಿನಂತೆ ನೀರು ಸಿಂಪಡಿಸುವ ಯಂತ್ರ ಕೊಂಡವರು ನಮ್ಮಲ್ಲಿ ಹಲವರಿದ್ದಾರೆ. ಕರಾವಳಿಯ ಗಾಳಿ ಮೊದಲೇ ತೇವದಿಂದ ತುಂಬಿರುತ್ತದೆ, ಮಂಜು ಆರುವುದಿಲ್ಲ, ಹಟ್ಟಿ ಇನ್ನಷ್ಟು ಬೇಯುತ್ತದೆ. ದನದ ಮೈಯನ್ನು ತೊಗಲಿನವರೆಗೆ ಚೆನ್ನಾಗಿ ನೆನೆಸಿ, ಎದುರಿಗೆ ದೊಡ್ಡ ಫ್ಯಾನ್ ಇಡಿ; ಎರಡೂ ಒಟ್ಟಿಗೆ ಇದ್ದರೆ ಮಾತ್ರ ಪ್ರಯೋಜನ.

ಇಷ್ಟಾದ ಮೇಲೂ ನಿಲ್ಲದಿದ್ದರೆ ಭ್ರೂಣದ ವಿಚಾರ ಮಾಡಿ. ಒಳ್ಳೆಯ ತಾಜಾ ಭ್ರೂಣ ಹತ್ತು ದನಗಳಿಗೆ ಹಾಕಿದರೆ ಮೂರು ನಾಲ್ಕು ನಿಲ್ಲುತ್ತವೆ ಎಂದು ಮನಸ್ಸಿನಲ್ಲಿ ಇಟ್ಟುಕೊಂಡೇ ಮುಂದುವರಿಯಿರಿ.

ಪ್ರಶ್ನೆ: ಸರಕಾರದ ಸಹಾಯಧನ ಇದೆಯೇ? ಹೆಣ್ಣುಕರುವೇ ಬೇಕೆಂದರೆ ಸಾಧ್ಯವೇ? — ಬ್ರಹ್ಮಾವರ

ಉತ್ತರ: ರಾಷ್ಟ್ರೀಯ ಗೋಕುಲ ಮಿಷನ್ ಅಡಿಯಲ್ಲಿ ಪ್ರನಾಳ ವಿಧಾನದಿಂದ ಖಚಿತವಾದ ಪ್ರತಿ ಗಬ್ಬಕ್ಕೆ 5,000 ರೂಪಾಯಿ ಸಹಾಯಧನದ ಅವಕಾಶ ಮಾಡಿದ್ದಾರೆ. ಸದ್ಯ ನಿಮ್ಮ ತಾಲೂಕಿಗೆ ಅದು ಲಭ್ಯವೇ ಎಂಬುದನ್ನು ಪಶು ಆಸ್ಪತ್ರೆಯಲ್ಲಿ ವಿಚಾರಿಸಿ. ಹೆಣ್ಣುಕರುವಿಗೆ ಲಿಂಗ ಬೇರ್ಪಡಿಸಿದ ವೀರ್ಯ ಬಳಸಿದರೆ ಹತ್ತರಲ್ಲಿ ಒಂಬತ್ತು ಹೆಣ್ಣಾಗುತ್ತವೆ. ಆದರೆ ಬೇರ್ಪಡಿಸುವ ಯಂತ್ರದಲ್ಲಿ ಹಾದುಬಂದ ವೀರ್ಯಾಣುಗಳು ಸೊರಗಿರುವುದರಿಂದ ಭ್ರೂಣದ ಸಂಖ್ಯೆ ಸಾಮಾನ್ಯವಾಗಿ ಇಳಿಯುತ್ತದೆ. ಕೃತಕ ಗರ್ಭಧಾರಣೆಯಲ್ಲಿ ಒಂದು ದನಕ್ಕೆ ಒಂದು ಸ್ಟ್ರಾ (ಘನೀಕರಿಸಿದ ವೀರ್ಯ ತುಂಬಿದ ಸಪೂರ ಕೊಳವೆ) ಬೇಕು, ತಟ್ಟೆಯಲ್ಲಿ ಒಂದೇ ಸ್ಟ್ರಾದಿಂದ ಹಲವು ದನಗಳ ಅಂಡಾಣುಗಳಿಗೆ ಸಾಕಾಗುತ್ತದೆ; ದುಬಾರಿ ವೀರ್ಯಕ್ಕೆ ಈ ವಿಧಾನ ಒಪ್ಪುವುದು ಅದರಿಂದಲೇ.

ಪ್ರಶ್ನೆ: ಮತ್ತೆ ಮತ್ತೆ ಸೂಜಿ ಚುಚ್ಚಿದರೆ ದನಕ್ಕೆ ಹಾನಿಯಿಲ್ಲವೇ? ಮನೆಯಲ್ಲಿ ಹಿರಿಯರು ಒಪ್ಪುತ್ತಿಲ್ಲ. — ಮೂಡುಬಿದಿರೆ

ಉತ್ತರ: ಹಿರಿಯರ ಕಳಕಳಿ ನ್ಯಾಯವಾದದ್ದು. ಬಾಲದ ಬುಡದಲ್ಲಿ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಯೋನಿಯ ಒಳಗೆ ಅಲ್ಟ್ರಾಸೌಂಡ್ ಕೊಳವೆ ಇಟ್ಟು, ಗುದದ ಮೂಲಕ ಒಳಗೆ ಹಾಕಿದ ಕೈಯಿಂದ ಅಂಡಾಶಯವನ್ನು ಹಿಡಿದು, ಪರದೆಯಲ್ಲಿ ಕಪ್ಪು ಚುಕ್ಕೆಗಳಾಗಿ ಕಾಣುವ ಎರಡರಿಂದ ಎಂಟು ಮಿಲಿಮೀಟರಿನ ಫಾಲಿಕಲ್‌ಗಳಿಂದ ದ್ರವ ಹೀರುತ್ತಾರೆ. ನುರಿತ ಕೈಯಲ್ಲಿ ಇದು ಅರ್ಧ ಗಂಟೆಯ ಒಳಗಿನ ಕೆಲಸ, ದನ ಅಷ್ಟು ಹೊತ್ತು ಮೆಲುಕು ಹಾಕುತ್ತಾ ನಿಂತಿರುವುದನ್ನೂ ನೋಡಿದ್ದೇನೆ. ಅನನುಭವಿಯ ಕೈಯಲ್ಲಿ ಅಂಡಾಶಯ ಸುತ್ತಲಿನ ಪೊರೆಗೆ ಅಂಟಿಕೊಳ್ಳುವುದು, ಗಡುಸಾಗುವುದು ಉಂಟು. ಹದಿನೈದು ದಿನಕ್ಕೊಮ್ಮೆ ಎಂಬ ಅಂತರ ಇಡಿ, ಆರೇಳು ಸಲದ ನಂತರ ಬಿಡುವು ಕೊಡಿ. ಯಾರು ಮಾಡುತ್ತಾರೆ, ಈ ಹಿಂದೆ ಎಷ್ಟು ದನಗಳಿಗೆ ಮಾಡಿದ್ದಾರೆ ಎಂದು ಕೇಳಲು ಸಂಕೋಚ ಬೇಡ.

ಪ್ರಶ್ನೆ: ನಮ್ಮಲ್ಲಿ ಐದಾರು ಊರ ದನಗಳಿವೆ, ಎಲ್ಲ ಮಲೆನಾಡು ಗಿಡ್ಡ. ಇವನ್ನೇ ಬಾಡಿಗೆ ತಾಯಿ ಮಾಡಿ ಗುಜರಾತಿನ ಗಿರ್ ತಳಿಯ ಭ್ರೂಣ ಹಾಕಿಸಿದರೆ ಹೆಚ್ಚು ಹಾಲಿನ ಕರು ಸಿಗುತ್ತದೆ ಎಂದು ಒಬ್ಬರು ಹೇಳಿದರು. ಕರುವಿಗೆ ಗಿಡ್ಡದ ಗುಣ ಬರುತ್ತದೆಯೇ? — ಪುತ್ತೂರು

ಉತ್ತರ: ಗುಣ ಬರುವುದಿಲ್ಲ. ಹೊತ್ತು ಹೆತ್ತವಳಿಂದ ಕರುವಿಗೆ ಸಿಗುವುದು ಗರ್ಭದ ಪೋಷಣೆ ಮತ್ತು ಗಿಣ್ಣುಹಾಲಿನ ರೋಗನಿರೋಧಕ ಶಕ್ತಿ. ವಂಶವಾಹಿಗಳೆಲ್ಲ ಅಂಡಾಣು ಕೊಟ್ಟ ದನದವು ಮತ್ತು ಹೋರಿಯವು. ಆದರೆ ಹಾಕಿಸಬೇಡಿ. ನೂರಿಪ್ಪತ್ತು ಕಿಲೋ ಆಸುಪಾಸು ತೂಗುವ ನಿಮ್ಮ ಗಿಡ್ಡ ದನದ ಸೊಂಟದ ಎಲುಬಿನ ದಾರಿ ಗಿರ್ ಕರುವಿಗೆ ಸಾಲುವುದಿಲ್ಲ. ರಾತ್ರಿ ಎರಡು ಗಂಟೆಗೆ ಹಗ್ಗ ಕಟ್ಟಿ ಕರು ಎಳೆಯುವ ಪರಿಸ್ಥಿತಿಯಲ್ಲಿ ತಾಯಿಯನ್ನೋ ಕರುವನ್ನೋ, ಕೆಲವೊಮ್ಮೆ ಎರಡನ್ನೂ ಕಳೆದುಕೊಳ್ಳುತ್ತೀರಿ.

ಅದನ್ನು ತಿರುಗಿಸಿ ಯೋಚಿಸಿ. ನಿಮ್ಮ ಐದಾರರಲ್ಲಿ ಯಾವುದು ಪ್ರತಿ ವರ್ಷ ತಪ್ಪದೆ ಕರು ಹಾಕಿ, ಗುಡ್ಡೆ ಮೇಯ್ದು, ಮೂರು ಲೀಟರಿನ ಹತ್ತಿರ ಕೊಡುತ್ತದೆಯೋ ಅದರ ಅಂಡಾಣುವಿನಿಂದ ಭ್ರೂಣ ಮಾಡಿ ನೆರೆಮನೆಯ ಮಿಶ್ರತಳಿ ದನಕ್ಕೆ ಹಾಕಿದರೆ ಹೆರಿಗೆಯ ಚಿಂತೆಯೇ ಇಲ್ಲ. ಭಾರತೀಯ ತಳಿಗಳ ಅಂಡಾಶಯದಲ್ಲಿ ಸಣ್ಣ ಫಾಲಿಕಲ್‌ಗಳು ಸಾಮಾನ್ಯವಾಗಿ ಎಚ್‌ಎಫ್‌ಗಿಂತ ಹೆಚ್ಚು, ಹಾರ್ಮೋನಿಲ್ಲದೆಯೂ ಒಳ್ಳೆಯ ಅಂಡಾಣು ಸಿಗುತ್ತವೆ. ನಮ್ಮಿಂದ ಹೋದ ಗಿರ್ ಮತ್ತು ನೆಲ್ಲೂರು ಕಡೆಯ ಓಂಗೋಲ್ ದನಗಳನ್ನು ಇಟ್ಟುಕೊಂಡೇ ಬ್ರೆಜಿಲ್ ಪ್ರನಾಳ ಭ್ರೂಣದ ಉತ್ಪಾದನೆಯಲ್ಲಿ ಜಗತ್ತಿನ ಮುಂಚೂಣಿಗೆ ಬಂತು. ಗಿಡ್ಡದಲ್ಲಿ ಇರುವ ತೊಡಕು ಬೇರೆ: ಮೈ ಸಣ್ಣದು, ಗುದದೊಳಗೆ ಕೈ ಹಾಕಿ ಅಂಡಾಶಯ ಹಿಡಿಯುವುದಕ್ಕೆ ದೊಡ್ಡ ಕೈಯ ಡಾಕ್ಟರಿಂದ ಆಗುವುದಿಲ್ಲ. ಸಪೂರ ಕೈಯ, ತಾಳ್ಮೆಯ ಪಶುವೈದ್ಯೆಯೊಬ್ಬರು ಸಿಕ್ಕಿದರೆ ಈ ಚಳಿಗಾಲದಲ್ಲಿಯೇ ಕೇಳಿ ನೋಡಿ. ಅದಕ್ಕೆ ಮೊದಲು ಆ ದನದ ಹಾಲನ್ನು ದಿನಾಲೂ ಅಳೆದು, ಕರು ಹಾಕಿದ ತಾರೀಕುಗಳನ್ನು ಒಂದು ಪುಸ್ತಕದಲ್ಲಿ ಬರೆಯಲು ಶುರುಮಾಡಿ, ಏಕೆಂದರೆ ಅವರು ಕೇಳುವ ಮೊದಲ ಪ್ರಶ್ನೆ ಅದೇ ಆಗಿರುತ್ತದೆ.